ಜನವರಿಯ ಕಿಟ್, ಕಕ್ಕಡದ ಹಸಿವು

ಜನವರಿ ಬಂತೆಂದರೆ ಕೊಡಗಿನ ಕಾಫಿ ತೋಟಗಳಲ್ಲಿ ಕಾರ್ಮಿಕರ ಲೈನ್‌ಮನೆ ಅಂಗಳಕ್ಕೆ ದಾನ ಹಂಚುವ ಟ್ರಸ್ಟ್‌ಗಳ ಬ್ಯಾನರ್ ಕಟ್ಟಿದ ಪಿಕಪ್‌ಗಳು ಬಂದು ನಿಲ್ಲುತ್ತವೆ. ಕಂಬಳಿ, ಅಕ್ಕಿ ಚೀಲ, ಬಿಸ್ಕತ್ತು. ಅದೇ ಹೊತ್ತಿಗೆ ತೋಟದೊಳಗೆ ರೊಬಸ್ಟಾ ಕಾಫಿಯ ಕೊಯ್ಲು, ಅದೂ ಬಹಳ ಕಡೆ ಕೆಜಿ ಲೆಕ್ಕದ ಕೂಲಿ. ಅತಿಥಿಗಳು ಬಂದು, ಭಾಷಣ ಮುಗಿದು, ಫೋಟೊ ಆಗಿ ಕಿಟ್ ಕೈಗೆ ಸಿಗುವಷ್ಟರಲ್ಲಿ ಸಾಲಿನಲ್ಲಿ ನಿಂತ ಹೆಂಗಸಿನ ಅರ್ಧ ದಿನದ ಕೊಯ್ಲು ಹೋಗಿರುತ್ತದೆ. ಕಿಟ್ಟಿನ ದುಡ್ಡನ್ನು ಅವಳೇ ಕೊಟ್ಟ ಹಾಗಾಯಿತು.

ಟ್ರಸ್ಟಿನವರಿಗೆ ಎಷ್ಟು ಸಲ ಹೇಳಿದರೂ ಕಿವಿಗೆ ಬೀಳದ ಮಾತು ಒಂದೇ: ಕೊಡುವ ತಿಂಗಳು ತಪ್ಪಿದರೆ ಕೊಟ್ಟದ್ದು ಮನೆಗೆ ದಕ್ಕುವುದಿಲ್ಲ. ನವೆಂಬರಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ಮಾರ್ಚ್ ತನಕ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಮರಗಸಿ (ನೆರಳು ಮರಗಳ ರೆಂಬೆ ಕಡಿಯುವುದು), ಗೊಬ್ಬರ ಎಂದು ಒಂದಿಷ್ಟು ನಡೆಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಕಾಯಂ ಆಳುಗಳಿಗೆ ಕಳೆ, ಚಿಗುರು ತೆಗೆಯುವ ಕೆಲಸ ಇದ್ದೀತು. ದಿನಗೂಲಿಯವರಿಗೆ, ಆದಿವಾಸಿಗಳ ಹಾಡಿಯಿಂದ ಬರುವವರಿಗೆ ಅದೂ ಖಾತ್ರಿ ಇಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕೊಡವರ ಕಕ್ಕಡವಂತೂ, ಅರೆಭಾಷೆಯವರ ಆಟಿಯೂ ಅದೇ, ಹಿಂದಿನಿಂದಲೂ ಕೈ ಬಿಗಿಯ ತಿಂಗಳೇ. ಆಗ ಅಂಗಡಿಯಲ್ಲಿ ಬರೆಸಿ ತರುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರ ಬಳಿ ಮುಂಗಡ ಕೇಳುತ್ತಾರೆ. ಆ ಸಾಲ ತೀರುವುದು ಮುಂದಿನ ಕೊಯ್ಲಿನ ಕೂಲಿಯಲ್ಲಿ. ಅಂದರೆ ನೀವು ಜನವರಿಯಲ್ಲಿ ನೋಡುವ ಬಡತನ ಹುಟ್ಟಿದ್ದು ಹಿಂದಿನ ಜುಲೈಯಲ್ಲಿ. ಆಗ ಮನೆಗೆ ಹೋದ ಎರಡು ಕೆಜಿ ಬೇಳೆ ಅಷ್ಟು ಸಾಲವನ್ನು ತಪ್ಪಿಸುತ್ತದೆ. ಜನವರಿಯಲ್ಲಿ ಹೋದದ್ದು ಊಟಕ್ಕಾಗುತ್ತದೆ, ಅಷ್ಟೇ.

ಇದಕ್ಕೆ ಬರುವ ಉತ್ತರವೂ ಗೊತ್ತಿರುವುದೇ: "ಮಾರ್ಚ್ ಒಳಗೆ ಖರ್ಚು ತೋರಿಸಬೇಕಲ್ಲ?" ನೋಂದಾಯಿತ ದತ್ತಿ ಸಂಸ್ಥೆ ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ನಿಜ. ಆದರೆ ಇಂಥದ್ದಕ್ಕೆ ಎಂದು ಬರೆದು, ನಿಗದಿತ ನಮೂನೆಯನ್ನು ಗಡುವಿನೊಳಗೆ ಸಲ್ಲಿಸಿದರೆ 5 ವರ್ಷದವರೆಗೆ ಹಣ ಕಾದಿರಿಸಲು ಕಾನೂನಿನಲ್ಲೇ ದಾರಿಯಿದೆ. ನಿಮ್ಮ ಲೆಕ್ಕಕ್ಕೆ ಅದು ಹೇಗೆ ಕೂಡುತ್ತದೆಂದು ಆಡಿಟರರನ್ನು ಕೇಳಿ. ಕೇಳುವುದು ಡಿಸೆಂಬರಿನಲ್ಲಿರಲಿ, ಮಾರ್ಚ್ 28ಕ್ಕಲ್ಲ.

ಇನ್ನು ಚೀಲದೊಳಗೆ ಏನು. ಅಕ್ಕಿ ಬೇಡ, ಅದು ಪಡಿತರದಲ್ಲಿ ಬರುತ್ತದೆ. ಬಾರದ ಮನೆಗೆ ಅಕ್ಕಿ ಕೊಡುವ ಬದಲು ಯಾಕೆ ಬರುತ್ತಿಲ್ಲ ಎಂದು ಮೇ ತಿಂಗಳಲ್ಲೇ ವಿಚಾರಿಸಿ. ಆಧಾರ್ ಜೋಡಣೆ ಆಗಿರುವುದಿಲ್ಲ, ಇಲ್ಲವೇ ದುಡಿದು ಸವೆದ ಬೆರಳಿನ ಅಚ್ಚು ಯಂತ್ರಕ್ಕೆ ಹಿಡಿಯುವುದಿಲ್ಲ. ಅಸ್ಸಾಮಿನಿಂದ ಬಂದ ಕಾರ್ಮಿಕರೂ ಊರಿನ ಕಾರ್ಡಿನಲ್ಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಕೇಂದ್ರದ ಪಾಲು ಪಡೆಯಬಹುದು. ಹೇಳುವವರು ಬೇಕು, ಒಮ್ಮೆ ಜೊತೆಗೆ ಹೋಗಬೇಕು.

ಐದು ಜನರ ಮನೆಗೆ ಹದಿನೈದು ದಿನಕ್ಕೆ ಸುಮಾರಾಗಿ ಹೆಸರುಬೇಳೆ 2 ಕೆಜಿ, ಎಣ್ಣೆ 1 ಲೀಟರ್, ಮೊಟ್ಟೆ 30, ಬೆಲ್ಲ 1 ಕೆಜಿ, ಅಯೋಡಿನ್ ಉಪ್ಪು ಅರ್ಧ ಕೆಜಿ. ಮನೆ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ತೊಗರಿ ಬಿಟ್ಟು ಹೆಸರು ಯಾಕೆಂದರೆ, ಮಳೆಗಾಲದಲ್ಲಿ ಒಲೆಗೆ ಹಸಿ ಸೌದೆ. ತೊಗರಿ ಬೇಯುವಷ್ಟರಲ್ಲಿ ಮನೆಯೆಲ್ಲ ಹೊಗೆ, ಕೂಸಿಗೆ ಕೆಮ್ಮು. ಹೆಸರು ಬೇಗ ಮೆತ್ತಗಾಗುತ್ತದೆ. ಕಡಲೆಬೀಜ ಒಳ್ಳೆಯದೇ, ಆದರೆ ಕೊಡಗಿನ ತೇವಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ. ಕೊಡುವುದಾದರೆ ವಾರಕ್ಕೆ ಕಾಲು ಕೆಜಿ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ. ಎರಡು ತಿಂಗಳದ್ದನ್ನು ಒಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳುವ ಟ್ರಸ್ಟ್‌ಗಳ ಬೇಳೆ ಆಗಸ್ಟಿನಲ್ಲಿ ಹುಳದ ಪಾಲು.

ಕಂಬಳಿಗಿಂತ ಉಪಯೋಗಕ್ಕೆ ಬರುವುದು ಸೌದೆ ಮುಚ್ಚಲು ಒಂದು ಟಾರ್ಪಾಲು. ಮರಗಸಿ ನಡೆಯುವಾಗ ತೋಟದ ಯಜಮಾನರನ್ನು ಕೇಳಿ ಕಡಿದ ರೆಂಬೆಗಳನ್ನು ಬಿಡಿಸಿಕೊಳ್ಳಿ. ಮೇ ಬಿಸಿಲಿಗೆ ಒಣಗಿದ ಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ ಪೇರಿಸಿ, ಮೇಲೆ ಮಾತ್ರ ಮುಚ್ಚಿ. ಸುತ್ತಲೂ ಬಿಗಿದರೆ ಒಳಗೇ ಬೆವೆತು ಕೊಳೆಯುತ್ತದೆ. ಮೈ ಕಾಯಿಸಲು ಬಾಣಲೆಯಲ್ಲಿ ಕೆಂಡ ಇಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ ಎಂದು ಮನೆಮನೆಗೆ ಹೇಳಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಮಕ್ಕಳ ತೋಳಿನ ಸುತ್ತಳತೆ ನೋಡುವುದು ಅಂಗನವಾಡಿಯ ಕೆಲಸ. ನೀವು ಅವರ ಜೊತೆಗೆ ಹೋಗಿ, ಅವರನ್ನು ಬಿಟ್ಟಲ್ಲ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ಎಡತೋಳು, ಭುಜದ ತುದಿ ಮತ್ತು ಮೊಣಕೈ ನಡುವಿನ ಮಧ್ಯಬಿಂದು, ಕೈ ಸಡಿಲವಾಗಿ ಇಳಿಬಿಟ್ಟಿರಬೇಕು. 11.5 ಸೆಂ.ಮೀ.ಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ. 12.5ರೊಳಗಿದ್ದರೆ ಹೆಸರು ಬರೆದಿಟ್ಟು ಮತ್ತೆ ಅಳೆಯಬೇಕು. ಇಲ್ಲಿ ಆಗುವ ತಪ್ಪು ಬಹಳ ಸಣ್ಣದು: ಚಳಿಯೆಂದು ಸ್ವೆಟರ್ ಬಿಚ್ಚಿಸದೆ ತೋಳಿನ ಮೇಲೇ ಟೇಪು ಸುತ್ತುತ್ತಾರೆ. ಉಣ್ಣೆಯ ದಪ್ಪ ಸೇರಿ 11.3 ಇದ್ದದ್ದು 12.6 ಆಗಿ, ಟೇಪಿನಲ್ಲಿ ತೊಂದರೆಯಿಲ್ಲ ಎನ್ನುವ ಹಸಿರು ಪಟ್ಟಿಗೆ ಸರಿಯುತ್ತದೆ. ಸೌದೆ ಉರಿಯ ಪಕ್ಕ ಕೂರಿಸಿ, ಒಂದು ತೋಳನ್ನಾದರೂ ಬಿಚ್ಚಿಸಿ.

ಹಂಚುವ ಹೊತ್ತು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ. ಕಕ್ಕಡದಲ್ಲಿ ಜನ ಮನೆಯಲ್ಲೇ ಇರುತ್ತಾರೆ, ಕೂಲಿ ತಪ್ಪುವುದಿಲ್ಲ. ಅತಿಥಿಗಳ ಅನುಕೂಲಕ್ಕೆಂದು ಸಂಜೆ ಐದಕ್ಕೆ ಇಟ್ಟುಕೊಂಡರೆ, ಸಿದ್ದಾಪುರ, ವಿರಾಜಪೇಟೆ ಕಡೆ ಚೀಲ ಹೊತ್ತ ಹೆಂಗಸರು ಕತ್ತಲಲ್ಲಿ ನಡೆದು ಹೋಗುವ ದಾರಿ ಆನೆಯದ್ದೂ ಹೌದು.