300 ಎಸ್‌ಎಲ್ ಮತ್ತು ಇ-ಟೈಪ್: ಬಾಗಿಲು ಮೇಲಕ್ಕೆ ಯಾಕೆ ತೆರೆಯಿತು?

ಎರಡು ಹಳೇ ಸ್ಪೋರ್ಟ್ಸ್ ಕಾರು ಹೋಲಿಸಿ ಅಂದ ತಕ್ಷಣ ನಾವೆಲ್ಲ ಹಾರ್ಸ್‌ಪವರ್, ಟಾಪ್ ಸ್ಪೀಡ್ ಅಂತ ಪಟ್ಟಿ ಹಾಕಿಬಿಡುತ್ತೇವೆ. ಇಲ್ಲಿ ಬಾಗಿಲಿನಿಂದ ಶುರು ಮಾಡೋಣ.

ಜರ್ಮನಿಯ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ 1954ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಾಣಿಸಿಕೊಂಡಿತು. ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ 1961ರಲ್ಲಿ ಜಿನೀವಾದಲ್ಲಿ. ಎರಡರಲ್ಲೂ ಸಾಲಾಗಿ ಆರು ಸಿಲಿಂಡರ್. ಎರಡರ ಬೇರೂ ರೇಸಿನಲ್ಲೇ: 300 ಎಸ್‌ಎಲ್‌ನ ರೇಸ್ ಕಾರು 1952ರಲ್ಲಿ ಫ್ರಾನ್ಸಿನ 24 ಗಂಟೆಗಳ ಲ ಮಾನ್ ರೇಸ್ ಗೆದ್ದಿತ್ತು, ಜಾಗ್ವಾರ್‌ನ ಡಿ-ಟೈಪ್ 1955ರಿಂದ ಸತತ ಮೂರು ವರ್ಷ ಗೆದ್ದಿತು.

300 ಎಸ್‌ಎಲ್‌ನ ಬಾಗಿಲು ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಮೇಲೇಳುತ್ತದೆ. ಸುಮ್ನೆ ಶೋಕಿ ಅಂದುಕೊಂಡಿದ್ದೆ. ಅಲ್ಲ. ಅದರ ಚಾಸಿ, ಅಂದರೆ ಕಾರಿನ ಅಸ್ಥಿಪಂಜರ, ತ್ರಿಕೋನ ತ್ರಿಕೋನವಾಗಿ ಬೆಸೆದ ತೆಳು ಉಕ್ಕಿನ ಪೈಪುಗಳು. ನಾಲ್ಕು ಬಿದಿರು ಕಟ್ಟಿ ಚೌಕ ಮಾಡಿ, ಒತ್ತಿದರೆ ವಾಲುತ್ತೆ. ಮೂಲೆಯಿಂದ ಮೂಲೆಗೆ ಇನ್ನೊಂದು ಬಿದಿರು ಬಿಗಿದರೆ ಅಲ್ಲಾಡಲ್ಲ. ಅದೇ ಉಪಾಯ. ಇಡೀ ಫ್ರೇಮ್ ತೂಗುವುದು ಸುಮಾರು 82 ಕೆಜಿ. ಆದರೆ ಗಟ್ಟಿಯಾಗಿರಬೇಕಾದರೆ ಪಕ್ಕದ ಪೈಪುಗಳು ಎತ್ತರಕ್ಕೆ ಬರಬೇಕು. ಮಾಮೂಲಿ ಬಾಗಿಲಿಗೆ ಜಾಗ ಉಳಿಯಲಿಲ್ಲ, ಕೀಲು ಛಾವಣಿಗೆ ಹೋಯಿತು. ಹತ್ತುವವರು ಅಗಲದ ಹೊಸ್ತಿಲ ಮೇಲೆ ಕೂತು, ಕಾಲೆತ್ತಿ ಒಳಗೆ ಜಾರಬೇಕು. ಅಡ್ಡ ಬರದಿರಲಿ ಅಂತ ಸ್ಟೀರಿಂಗ್ ಚಕ್ರವೇ ಬಾಗುತ್ತದೆ!

ಇ-ಟೈಪ್‌ನಲ್ಲಿ ಪೈಪುಗಳು ಮುಂಭಾಗಕ್ಕೆ ಮಾತ್ರ, ಎಂಜಿನ್ ಹೊರಲಿಕ್ಕೆ. ಜನ ಕೂರುವ ಭಾಗ ತಗಡಿನ ಮೊನೊಕಾಕ್, ಅಂದರೆ ಒಳಗೆ ಬೇರೆ ಚೌಕಟ್ಟಿಲ್ಲದೆ ಹೊರಮೈಯೇ ಭಾರ ಹೊರುವ ಪೆಟ್ಟಿಗೆ. ಖಾಲಿ ಎಣ್ಣೆ ಡಬ್ಬದ ತಗಡು ತೆಳುವೇ, ಆದರೂ ಅದರ ಮೇಲೆ ಹತ್ತಿ ನಿಲ್ಲಬಹುದು ಅಲ್ವಾ? ಆಕಾರವೇ ಅದರ ಬಲ. ಹಾಗಾಗಿ ಬಾಗಿಲು ಮಾಮೂಲಿ. ವಿಚಿತ್ರ ಇರುವುದು ಬಾನೆಟ್‌ನಲ್ಲಿ: ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೈಕಟ್ಟು ರೂಪಿಸಿದ ಮಾಲ್ಕಂ ಸೇಯರ್ ವಿಮಾನ ಕಂಪನಿಯಿಂದ ಬಂದವರು.

ಎಂಜಿನ್‌ನಲ್ಲಿ ಬೆಂಜ್ ಜಾಸ್ತಿ ಧೈರ್ಯ ಮಾಡಿತು. ಬಾನೆಟ್ ತಗ್ಗಿರಲಿ ಅಂತ 3 ಲೀಟರ್ ಎಂಜಿನನ್ನು 50 ಡಿಗ್ರಿ ವಾಲಿಸಿ ಕೂರಿಸಿತು, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸಿತು. ಇದರಲ್ಲೊಂದು ಕಿರಿಕಿರಿ ಇತ್ತು. ಕೀ ತಿರುಗಿಸಿ ಆಫ್ ಮಾಡಿದರೂ ಎಂಜಿನ್ ಪೂರ್ತಿ ನಿಲ್ಲುವತನಕ ಪಂಪ್ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲಿಗೆ ಬೆರೆಯುತ್ತದೆ. ಆಯಿಲ್ ಬೇಗ ಬದಲಿಸಲೇಬೇಕು. ಜಾಗ್ವಾರ್‌ನದು 3.8 ಲೀಟರ್, ಪೆಟ್ರೋಲನ್ನು ಗಾಳಿಯ ಜತೆ ಬೆರೆಸಿ ಕಳಿಸುವ ಕಾರ್ಬ್ಯುರೇಟರ್ ಮೂರು. ಹೊಸತೇನಿಲ್ಲ.

ತಿರುವಿನಲ್ಲಿ ಮಾತ್ರ ಜಾಗ್ವಾರ್ ಮೇಲು. 300 ಎಸ್‌ಎಲ್‌ನ ಹಿಂದೆ ಸ್ವಿಂಗ್ ಆಕ್ಸಲ್, ಅಂದರೆ ಚಕ್ರದ ಅಚ್ಚು ಕಾರಿನ ನಡುವಿನ ಕೀಲಿನಿಂದ ಮೇಲೆ ಕೆಳಗೆ ತೂಗುತ್ತದೆ, ಚಕ್ರವೂ ಅದರ ಜತೆಗೇ ವಾಲುತ್ತದೆ. ಜೋರಾಗಿ ತಿರುಗುವಾಗ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ, ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಬಾಲ ಜಾರುತ್ತದೆ. ಸಾಲದ್ದಕ್ಕೆ ಡ್ರಮ್ ಬ್ರೇಕ್. ಇ-ಟೈಪ್‌ಗೆ ಚಕ್ರ ಹಾಗೆ ಮಡಚಿಕೊಳ್ಳದ ಸ್ವತಂತ್ರ ಹಿಂಬದಿ ಸಸ್ಪೆನ್ಷನ್, ನಾಲ್ಕೂ ಚಕ್ರಕ್ಕೆ ಡಿಸ್ಕ್. ಏಳು ವರ್ಷ ತಡವಾಗಿ ಬಂದ ಲಾಭವೂ ಇದರಲ್ಲಿದೆ, ಅದನ್ನು ಮರೆತು ಅಂಕ ಕೊಡಬೇಡಿ.

ಬಾಗಿಲಿನ ವಿಷಯಕ್ಕೆ ಪುರಾವೆ ಬೇಕಾ? 1957ರಲ್ಲಿ 300 ಎಸ್‌ಎಲ್ ರೋಡ್‌ಸ್ಟರ್ ಬಂತು. ಮೇಲೆ ಛಾವಣಿಯೇ ಇಲ್ಲ, ಕೀಲು ಎಲ್ಲಿ ಹಾಕುವುದು? ಪಕ್ಕದ ಪೈಪುಗಳನ್ನು ತಗ್ಗಿಸಿ ಫ್ರೇಮನ್ನೇ ಬದಲಿಸಿದರು. ಬಾಗಿಲು ಎಲ್ಲ ಕಾರಿನ ಹಾಗೆ ಪಕ್ಕಕ್ಕೇ ತೆರೆಯಿತು. ಆಗ ರೆಕ್ಕೆ ಬಾಗಿಲಿನ ಕಾರು ನಿಂತುಹೋಯಿತು, ಒಟ್ಟು 1,400 ಮಾಡಿದ ಮೇಲೆ.