ಜೆಲ್‌ನಲ್ಲಿ ಪಟ್ಟಿ ಇದೆ, ಕೋಶಗಳು ಮಾತ್ರ ಬೆಳೆಯುತ್ತಿಲ್ಲ: ಏಕೆ?

ಪ್ರಶ್ನೆ: ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪ್ರಾಸ್ಟೇಟ್ ಅಂಗಾಂಶದಿಂದ ಕೋಶಗಳನ್ನು ಬೆಳೆಸುವ ಪ್ರೋಟೀನಾದ ಎಫ್‌ಜಿಎಫ್-2 ಬೇರ್ಪಡಿಸಿದೆವು. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ 18 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಪಟ್ಟಿ ಸ್ಪಷ್ಟವಾಗಿದೆ. 3ಟಿ3 ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ ಇಲಿಯ ಕೋಶಗಳು) ಹಾಕಿದರೆ ಏನೂ ಆಗುವುದಿಲ್ಲ. ಎಲ್ಲಿ ಎಡವಿದೆವು?

ಉತ್ತರ: ಕೊನೆಗೆ ಸಿ4 ಕಾಲಂನಲ್ಲಿ ಎಚ್‌ಪಿಎಲ್‌ಸಿ (ಒತ್ತಡದಲ್ಲಿ ದ್ರವ ಹಾಯಿಸಿ ಶುದ್ಧೀಕರಿಸುವ ವಿಧಾನ) ಮಾಡಿದ್ದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ. ಅಲ್ಲಿನ 0.1% ಟ್ರೈಫ್ಲೋರೋಅಸಿಟಿಕ್ ಆಮ್ಲ ಮತ್ತು ಅಸಿಟೋನೈಟ್ರೈಲ್‌ನಲ್ಲಿ ಈ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ. ಪ್ರೋಟೀನುಗಳ ಮಡಿಕೆ ಬಿಚ್ಚಿಯೇ ಓಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ ಸರಿಯಿರುವುದೂ ಕೆಟ್ಟಿರುವುದೂ ಒಂದೇ ಕಡೆ ನಿಲ್ಲುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಅಮೈನೋ ಆಮ್ಲಗಳ ಸರಣಿ ಓದಲು ಆ ಮಾದರಿ ಸಾಕು. ಕೋಶಗಳಿಗೆ ಬೇಕಾದದ್ದನ್ನು ಅದಕ್ಕೂ ಮುಂಚಿನ ಹೆಪಾರಿನ್ ಕಾಲಂನಿಂದ (ಎಫ್‌ಜಿಎಫ್ ಅಂಟಿಕೊಳ್ಳುವ ಸಕ್ಕರೆ ಸರಪಳಿ ತುಂಬಿದ ಕೊಳವೆ) ಇಳಿದ ಕೂಡಲೇ ಬೇರೆ ತೆಗೆದಿಡಿ.

ಹೆಪಾರಿನ್ ಹಂತ ಹೀಗಿರಲಿ. ಎಫ್‌ಜಿಎಫ್-2 ಕೋಶದ ಹೊರಗಿನ, ಹೆಪಾರಿನ್‌ನಂತಹದೇ ಹೆಪರಾನ್ ಸಲ್ಫೇಟಿಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಅಂಗಾಂಶ ಅರೆಯುವ ಬಫರ್‌ನಲ್ಲಿ (ಪಿಎಚ್ 7.4) 1ರಿಂದ 2 ಮೋಲಾರ್ ಉಪ್ಪು ಬೇಕು. ಆದರೆ ಅದೇ ಉಪ್ಪಿನೊಂದಿಗೆ ಕಾಲಂಗೆ ಸುರಿದರೆ ಅದು ಹಿಡಿಯದೆ ಹರಿದುಹೋಗುತ್ತದೆ. 0.6 ಮೋಲಾರ್‌ಗೆ ಇಳಿಸಿ, 4 ಡಿಗ್ರಿಯಲ್ಲಿ ನಿಧಾನವಾಗಿ ಹಾಯಿಸಿ. 280 ನ್ಯಾನೋಮೀಟರ್ ಓದು (ಹೊರಬರುವ ಪ್ರೋಟೀನಿನ ಅಳತೆ) ತಳಕ್ಕೆ ಇಳಿಯುವವರೆಗೆ ಅದೇ ಉಪ್ಪಿನಲ್ಲಿ ತೊಳೆಯಿರಿ. ಬಳಿಕ ಉಪ್ಪು ಏರಿಸುತ್ತ ಹೋದರೆ, ಅದೇ ಕುಟುಂಬದ ಎಫ್‌ಜಿಎಫ್-1 ಸುಮಾರು 1 ಮೋಲಾರ್‌ನಲ್ಲಿ ಇಳಿಯುತ್ತದೆ, ಎಫ್‌ಜಿಎಫ್-2 ಸುಮಾರು 1.5ರಲ್ಲಿ.

ಅಂಗಾಂಶ ಅರೆಯುವಾಗ ಪಿಎಚ್ ತಗ್ಗಿಸಬೇಡಿ. ಆಮ್ಲದಲ್ಲಿ ಕ್ರಿಯಾಶೀಲವಾಗುವ ಪ್ರೋಟಿಯೇಸ್‌ಗಳು (ಪ್ರೋಟೀನ್ ಕತ್ತರಿಸುವ ಕಿಣ್ವಗಳು) ಎಫ್‌ಜಿಎಫ್-2ರ ಮುಂದಿನ ತುದಿಯನ್ನು ಕತ್ತರಿಸುತ್ತವೆ. 16 ಕಿಲೋಡಾಲ್ಟನ್ ಹತ್ತಿರ ಎರಡನೆಯ ಪಟ್ಟಿ ಬಂದರೆ ಅದರ ಗುರುತು. ತುದಿ ಕತ್ತರಿಸಿದ ಆ ರೂಪವೂ ಕೋಶಗಳನ್ನು ಬೆಳೆಸಬಲ್ಲದು, ಎಸೆಯಬೇಡಿ. ಪ್ರೋಟಿಯೇಸ್‌ಗಳನ್ನು ತಡೆಯುವ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಒಡೆಯುತ್ತದೆ, ಬ್ಲೇಡ್ ತಿರುಗಿಸುವ ಕ್ಷಣದಲ್ಲೇ ಹಾಕಿ. ಮೂತ್ರನಾಳದ ಮೂಲಕ ಕೆತ್ತಿ ತೆಗೆದ ಚೂರುಗಳಾದರೆ ಅಂಚು ವಿದ್ಯುತ್ ಕಾವಿಗೆ ಸುಟ್ಟಿರುತ್ತದೆ. ಕಂದಿದ ಭಾಗ ಕತ್ತರಿಸಿ ಬಿಡುವುದು ಉತ್ತಮ.

ಇನ್ನೊಂದು ನಷ್ಟ ಕಣ್ಣಿಗೇ ಬೀಳುವುದಿಲ್ಲ. ಇಳಿಯುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅದು ಗಾಜಿನ ಗೋಡೆಗೂ ಡಯಾಲಿಸಿಸ್ ಚೀಲಕ್ಕೂ ಅಂಟಿ ಮಾಯವಾಗುತ್ತದೆ. ಬಫರ್‌ಗೆ 0.1% ಚ್ಯಾಪ್ಸ್ (ಸೌಮ್ಯ ಡಿಟರ್ಜೆಂಟ್) ಸೇರಿಸಿ. ಕೋಶಗಳಿಗೆ ಮೀಸಲಿಟ್ಟ ಪಾಲಿಗೆ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಹಾಕಬಹುದು, ಆದರೆ ಜೆಲ್‌ಗೆ ಬೇಕಾದ ಪಾಲನ್ನು ಅದಕ್ಕೂ ಮೊದಲೇ ತೆಗೆಯಿರಿ. ಉಪ್ಪು ಕಳೆಯಲು ಡಯಾಲಿಸಿಸ್ ಬೇಡ: 1.5 ಮೋಲಾರ್ ಮಾದರಿಯ 10 ಮೈಕ್ರೋಲೀಟರನ್ನು 1 ಮಿಲಿಲೀಟರ್ ಮಾಧ್ಯಮಕ್ಕೆ ಬಿಟ್ಟರೆ ಹೆಚ್ಚುವ ಉಪ್ಪು ಕೇವಲ 15 ಮಿಲಿಮೋಲಾರ್. ಕೋಶ ಬೆಳೆಸುವ ತಟ್ಟೆಯ ಪಕ್ಕದ ಗುಳಿಯಲ್ಲಿ ಅಷ್ಟೇ ಖಾಲಿ ಬಫರ್ ಹಾಕಿ ಹೋಲಿಸಿ.