ಮರಿ ನೆಲದಲ್ಲಿ ಕಂಡರೆ, ಎತ್ತುವ ಮುಂಚೆ

ಪೆಟ್ಟಿಗೆ ತೆಗೆದರೆ ಒಳಗೆ ಮೋಟು ಬಾಲದ ಗುಬ್ಬಿ ಮರಿ. "ಗೂಡಿನಿಂದ ಬಿದ್ದಿದೆ ಡಾಕ್ಟ್ರೇ, ತಾಯಿ ಬಿಟ್ಟು ಹೋಗಿದೆ" ಅನ್ನುತ್ತಾರೆ ತಂದವರು. ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ ನನ್ನಲ್ಲಿಗೆ ಇಂಥ ಪೆಟ್ಟಿಗೆಗಳು ಬರುತ್ತಲೇ ಇರುತ್ತವೆ. ಎಷ್ಟೋ ಮರಿಗಳಿಗೆ ಏನೂ ಆಗಿರುವುದಿಲ್ಲ.

ಗುಬ್ಬಿ ಮೊಟ್ಟೆಗೆ 11ರಿಂದ 14 ದಿನ ಕಾವು ಬೇಕು. ಹೊರಬಂದ ಮರಿಗೆ ಪುಕ್ಕ ಇರುವುದಿಲ್ಲ, ಕಣ್ಣೂ ತೆರೆದಿರುವುದಿಲ್ಲ. ಅಲ್ಲಿಂದ ಸುಮಾರು ಎರಡೇ ವಾರಕ್ಕೆ ಗೂಡು ಬಿಡುವಷ್ಟು ಬೆಳೆಯುತ್ತದೆ. ಅದಕ್ಕೇ ಕಾಳು ತಿನ್ನುವ ಗುಬ್ಬಿಯೂ ಮರಿಗೆ ಹುಳು ಹಿಡಿದು ತರುತ್ತದೆ. ಮೈ ಬೆಳೆಯಲು ಪ್ರೋಟೀನ್ ಬೇಕಲ್ವಾ? ಗಂಡು, ಹೆಣ್ಣು ಎರಡೂ ಗುಟುಕು ಕೊಡುತ್ತವೆ. ಮರಿಯ ಹಿಕ್ಕೆ ತೆಳು ಪೊರೆಯ ಚೀಲದಲ್ಲಿ ಬರುತ್ತದೆ; ಅದನ್ನು ಕೊಕ್ಕಿನಲ್ಲಿ ಹಿಡಿದು ಆಚೆ ಹಾಕಿ ಬರುತ್ತವೆ. ಎಷ್ಟು ನೋಡಿದರೂ ನನಗೆ ಇದು ಬೆರಗೇ.

ಗೂಡು ಬಿಟ್ಟ ದಿನವೇ ಮರಿಗೆ ಚೆನ್ನಾಗಿ ಹಾರಲು ಬರುವುದಿಲ್ಲ. ನೆಲದಲ್ಲಿ, ಪೊದೆಯಲ್ಲಿ ಕುಪ್ಪಳಿಸುತ್ತಾ ಕಲಿಯುತ್ತದೆ. ಅಪ್ಪ ಅಮ್ಮ ಇನ್ನೂ ಒಂದೆರಡು ವಾರ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ನೀವು ಹತ್ತಿರ ನಿಂತಿದ್ದರೆ ಅವು ಬರಲು ಹೆದರುತ್ತವೆ. ಆಗಲೇ ನಮಗೆ "ಅನಾಥ" ಅನ್ನಿಸುವುದು.

ಪುಕ್ಕ ಬಂದು, ಕಾಲ ಮೇಲೆ ಗಟ್ಟಿಯಾಗಿ ನಿಲ್ಲುವ ಮರಿಯನ್ನು ಅಲ್ಲೇ ಬಿಡಿ. ಬೆಕ್ಕು, ನಾಯಿ ಇದ್ದರೆ ಪಕ್ಕದ ಪೊದೆಗೆ ಏರಿಸಿ, ದೂರದಿಂದ ನೋಡುತ್ತಿರಿ. ಪುಕ್ಕವೇ ಬಾರದ ಮರಿಯಾದರೆ ಗೂಡಿಗೆ ವಾಪಸ್ ಇಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವ ಮಾತು ಸುಳ್ಳು. ಈ ಮಾತು ನಂಬಿಯೇ ಜನ ಮರಿಗಳನ್ನು ಮನೆಗೆ ಒಯ್ಯುತ್ತಾರೆ, ಅದೇ ನನ್ನ ಸಂಕಟ.

ಮನೆಗೆ ಒಯ್ದ ಮೇಲೆ ಹಾಲು, ನೀರು ಕುಡಿಸುತ್ತಾರೆ. ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಬಾಯಿಗೆ ಹನಿ ಬಿಟ್ಟರೆ ನೀರು ಶ್ವಾಸಕೋಶಕ್ಕೆ ಹೋಗಿ ಮರಿ ಸಾಯಬಹುದು. ದಯವಿಟ್ಟು ಏನೂ ಕುಡಿಸಬೇಡಿ.

ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ ತಡಮಾಡದೆ ತನ್ನಿ. ಬೆಕ್ಕು ಕಚ್ಚಿದ್ದರಂತೂ ಗಾಯ ಕಾಣದಿದ್ದರೂ ತನ್ನಿ. ಅದರ ಹಲ್ಲಿನಿಂದ ಬರುವ ಸೋಂಕು ಬೇಗ ಮೈಗೆಲ್ಲ ಹರಡುತ್ತದೆ, ಔಷಧಿ ಬೇಕೇ ಬೇಕು.

ಈ ಪೆಟ್ಟಿಗೆಯ ಗುಬ್ಬಿ ಮರಿಯನ್ನು ಪೂರ್ತಿ ಪರೀಕ್ಷಿಸಿದೆ. ಚೆನ್ನಾಗಿದೆ. ಕತ್ತಲಾಗುವ ಮುಂಚೆ ಸಿಕ್ಕಿದ ಜಾಗಕ್ಕೇ ಒಯ್ದು ಬಿಡಿ ಅಂತ ಕಳಿಸಿದೆ.